ಫೈಲ್ ಹೀಗೇ ಇತ್ತು

ಕಳೆದ ಆಷಾಢದ ಒಂದು ಸಂಜೆ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಮೈಸೂರಿನಲ್ಲಿರುವ ನನ್ನ ಮುದ್ರಣದ ಕೋಣೆಗೆ ಬಂದರು. ಹಿಂದಿನ ದಿನ ನಾನೇ ಸುತ್ತಿ ಕೊಟ್ಟಿದ್ದ ರಟ್ಟಿನ ಕೊಳವೆಯನ್ನು ಮೇಜಿನ ಮೇಲಿಟ್ಟು, ಒಳಗಿನ ಚಿತ್ರವನ್ನು ಮೆಲ್ಲಗೆ ಹೊರಗೆಳೆದು, ಮೇಜಿನ ಮೇಲಿದ್ದ ಅಳತೆಪಟ್ಟಿ, ಕತ್ತರಿಗಳನ್ನೇ ಮೂಲೆಗಳಿಗೆ ಭಾರವಿಟ್ಟು ಬಿಡಿಸಿದರು. ಕಬಿನಿಯ ಹಿನ್ನೀರಿನ ಅಂಚಿನಲ್ಲಿ, ಬೆಳಕು ಇನ್ನೇನು ಆರಲಿದೆ ಎನ್ನುವ ಹೊತ್ತಿನಲ್ಲಿ, ಬಿದಿರು ಮೆಳೆಯಿಂದ ಅರ್ಧ ಮಾತ್ರ ಹೊರಬಂದು ನಿಂತ ಸಲಗದ, ಅವರೇ ತೆಗೆದ ಕಪ್ಪುಬಿಳುಪು ಚಿತ್ರ ಅದು. 40 ಇಂಚು ಅಗಲದಲ್ಲಿ, ಹತ್ತಿಯ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ನಾನು ಅದನ್ನು ಮುದ್ರಿಸಿದ್ದೆ. ಮೇಷ್ಟ್ರು ಆನೆಯ ಹಿಂಭಾಗಕ್ಕೆ ಬೆರಳು ತೋರಿಸಿ, "ಇಲ್ಲಿ ಮೆಳೆ ಇತ್ತಲ್ಲ, ಎಲ್ಲಿ ಹೋಯ್ತು? ಮಸಿ ಬಳಿದ ಹಾಗಿದೆ" ಎಂದರು. ನಾನು ಒಂದು ಕ್ಷಣವೂ ಯೋಚಿಸದೆ, "ಫೈಲ್ ಹೀಗೇ ಇತ್ತು ಸಾರ್" ಎಂದೆ.

ಅವರು ಬೇಸರಪಡಲಿಲ್ಲ, ನಕ್ಕರು. ಓಲೆಗರಿಯ ಕಾಲದ ಲಿಪಿಕಾರರು ಗ್ರಂಥವೊಂದನ್ನು ಪ್ರತಿಮಾಡಿ ಮುಗಿಸಿದ ಮೇಲೆ ಕೊನೆಯ ಗರಿಯಲ್ಲಿ ಬರೆಯುತ್ತಿದ್ದ ಸಂಸ್ಕೃತ ಶ್ಲೋಕವೊಂದನ್ನು ಹೇಳಿದರು. ನೋಡಿದ ಪುಸ್ತಕ ಹೇಗಿತ್ತೋ ಹಾಗೆಯೇ ಬರೆದಿದ್ದೇನೆ, ಅದು ಶುದ್ಧವೋ ಅಶುದ್ಧವೋ, ದೋಷ ಮಾತ್ರ ನನ್ನದಲ್ಲ ಎಂಬುದು ಅದರ ತಾತ್ಪರ್ಯ. "ನಿಮ್ಮದೂ ಅದೇ ಶ್ಲೋಕ ಆಯ್ತಲ್ಲ" ಎಂದು ಹೇಳಿ, ಚಿತ್ರವನ್ನು ಅಲ್ಲಿಯೇ ಬಿಟ್ಟು ಹೊರಟರು. ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಹನ್ನೆರಡು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನಾನು ಎಷ್ಟು ಮಂದಿಗೆ ಇದೇ ಉತ್ತರ ಕೊಟ್ಟಿದ್ದೇನೆಂದು ಲೆಕ್ಕ ಹಾಕಲು ಹೋದರೆ ಸಂಕೋಚವಾಗುತ್ತದೆ.

ನಮ್ಮ ಊರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಅಂಥ ಲಿಪಿಕಾರರು ಬರೆದಿಟ್ಟ ಕಟ್ಟುಗಳು ಸಾವಿರಾರು ಇವೆ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ 1905ರಲ್ಲಿ ವಿದ್ವಾಂಸ ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಆ ಸಂಗ್ರಹದಲ್ಲಿಯೇ; 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಹೆಸರು ಗೊತ್ತಿಲ್ಲದ ಯಾರೋ ಒಬ್ಬನು ಓಲೆಯ ಮೇಲೆ ಬರೆಯುವ ಕಬ್ಬಿಣದ ಕಂಟ ಹಿಡಿದು ಗೀಚಿದ ಪ್ರತಿ ಇರದಿದ್ದರೆ ಆ ಗ್ರಂಥ ನಮಗೆ ಹೆಸರಾಗಿ ಮಾತ್ರ ಉಳಿಯುತ್ತಿತ್ತೇನೋ. ಪ್ರತಿ ಎಂಬ ಮಾತನ್ನು ನಾವು ನಕಲು ಎಂಬ ಅರ್ಥದಲ್ಲಿ ಬಳಸುತ್ತೇವಾದರೂ ಪ್ರತಿಮಾತು, ಪ್ರತಿಧ್ವನಿ ಎನ್ನುವಾಗ ಅದರಲ್ಲಿ ಎದುರು ಎಂಬ ಅರ್ಥವೂ ಇದೆ. ಇಂಕಿನ ಹನಿ ಚಿಮ್ಮಿ ಮುದ್ರಿಸುವ ದೊಡ್ಡ ಅಳತೆಯ ಇಂಕ್‌ಜೆಟ್ ಯಂತ್ರದ ಮುಂದೆ ನಿಂತು ದುಡಿಯುವವನಿಗೆ ಈ ಎರಡನೆಯ ಅರ್ಥವೇ ಹೆಚ್ಚು ಹೊಂದುತ್ತದೆ ಎಂದು ನನಗೀಗ ಅನ್ನಿಸುತ್ತದೆ. ಫೈಲು ಒಂದು ಮಾತು ಹೇಳುತ್ತದೆ. ಕಾಗದ, ಇಂಕು ಮತ್ತು ಮುದ್ರಿಸುವವನು ಸೇರಿ ಅದಕ್ಕೆ ಪ್ರತಿಮಾತು ಹೇಳುತ್ತಾರೆ. ಆ ಪ್ರತಿಮಾತಿನಲ್ಲಿ ತಪ್ಪಿದ್ದರೆ ಅದು ಹೇಳಿದವನದೇ.

ನಮ್ಮ ಕಡೆ ದೊಡ್ಡ ಪ್ರಿಂಟರ್ ಎಂದೊಡನೆ ಜನರಿಗೆ ನೆನಪಾಗುವುದು ಫ್ಲೆಕ್ಸ್. ನನ್ನ ಬಾಗಿಲಿಗೆ ಬಂದವರಲ್ಲಿ ಅರ್ಧಕ್ಕರ್ಧ ಮಂದಿಯ ಮೊದಲ ಪ್ರಶ್ನೆ "ಚದರಡಿಗೆ ಎಷ್ಟು?" ಎಂಬುದೇ. ಅದು ತಪ್ಪಲ್ಲ, ಹುಟ್ಟುಹಬ್ಬದ ಶುಭಾಶಯ, ಗಣೇಶೋತ್ಸವದ ಸ್ವಾಗತ, ಸಂತಾಪ ಎಲ್ಲವೂ ಆ ಲೆಕ್ಕದಲ್ಲಿಯೇ ನಡೆಯುವುದು. ಆ ಯಂತ್ರಗಳು ರಾಸಾಯನಿಕ ದ್ರಾವಕದಲ್ಲಿ ಕಲಸಿದ ಸಾಲ್ವೆಂಟ್ ಇಂಕನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಚಿಮ್ಮುತ್ತವೆ, ನೋಡುವವರು ರಸ್ತೆಯ ಆಚೆಯಿಂದ ನೋಡುತ್ತಾರೆ, ಹತ್ತು ದಿನ ಬಾಳಿದರೆ ಸಾಕು. 2018ರಲ್ಲಿ ಹೈಕೋರ್ಟು ಚುರುಕು ಮುಟ್ಟಿಸಿದ ಮೇಲೆ ಬೆಂಗಳೂರಿನ ಪಾಲಿಕೆ ರಾತ್ರೋರಾತ್ರಿ ಫ್ಲೆಕ್ಸುಗಳನ್ನು ಕಿತ್ತು ಹಾಕಿದ್ದು ಹಲವರಿಗೆ ನೆನಪಿರಬಹುದು. ನನ್ನ ಯಂತ್ರವೂ ಹನಿ ಚಿಮ್ಮುವುದೇ ಆದರೂ ಅದರ ಇಂಕು ನೀರಿನಲ್ಲಿ ತೇಲುವ ವರ್ಣದ ಕಣ, ಅದರ ಎದುರಿನ ಹಾಳೆ ಹತ್ತಿಯದು, ಅದನ್ನು ನೋಡುವವರು ಒಂದು ಮಾರು ದೂರದಲ್ಲಿ ನಿಂತು ವರ್ಷಗಟ್ಟಲೆ ನೋಡುವವರು.

ಈ ಬಗೆಯ ಮುದ್ರಣಕ್ಕೆ ಇರುವ ಚರಿತ್ರೆ ತೀರ ಹಳೆಯದಲ್ಲ, ಆದರೆ ಸ್ವಾರಸ್ಯವಾಗಿದೆ. ಅದು ಶುರುವಾದದ್ದು ಬೇರೆ ಕೆಲಸಕ್ಕೆಂದು ಮಾಡಿದ ಯಂತ್ರವೊಂದರಿಂದ. ಐರಿಸ್ 3047 ಎಂಬುದು ಆಫ್‌ಸೆಟ್ ಅಚ್ಚಿಗೆ ಹೋಗುವ ಮುನ್ನ ಬಣ್ಣದ ಕರಡನ್ನು ತೆಗೆದು ನೋಡುವುದಕ್ಕಾಗಿ ಅಮೆರಿಕದಲ್ಲಿ ತಯಾರಾದ ಯಂತ್ರ. ಅದರಲ್ಲಿ ಹಾಳೆಯನ್ನು ಉರುಳೆಗೆ ಸುತ್ತಿ ವೇಗವಾಗಿ ತಿರುಗಿಸುತ್ತಿದ್ದರು. ಇಂಕಿನ ಹನಿಗಳು ನಿಲ್ಲದೆ ಚಿಮ್ಮುತ್ತಲೇ ಇರುತ್ತಿದ್ದವು, ಬೇಡವಾದ ಹನಿಗಳನ್ನು ವಿದ್ಯುತ್ತಿನ ಬಲದಿಂದ ಪಕ್ಕಕ್ಕೆ ತಳ್ಳಿಬಿಡಲಾಗುತ್ತಿತ್ತು. ಸಂಗೀತಗಾರರೂ ಛಾಯಾಚಿತ್ರಕಾರರೂ ಆದ ಗ್ರಹಾಂ ನ್ಯಾಶ್ ತಮ್ಮ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸುವ ದಾರಿ ಹುಡುಕುತ್ತ, ಸುಮಾರು 1,26,000 ಡಾಲರ್ ಬೆಲೆಯ ಈ ಯಂತ್ರವನ್ನು ಕೊಂಡು, ಗೆಳೆಯ ಮ್ಯಾಕ್ ಹಾಲ್ಬರ್ಟ್ ಅವರೊಡನೆ 1991ರಲ್ಲಿ ಕ್ಯಾಲಿಫೋರ್ನಿಯದ ಮ್ಯಾನ್‌ಹಟನ್ ಬೀಚ್‌ನಲ್ಲಿ ನ್ಯಾಶ್ ಎಡಿಷನ್ಸ್ ಎಂಬ ಮುದ್ರಣಾಲಯ ತೆರೆದರು. ತೆಳು ಹಾಳೆಗೆಂದು ಮಾಡಿದ ಯಂತ್ರವನ್ನು ದಪ್ಪ ಜಲವರ್ಣದ ಕಾಗದ ಹಿಡಿಸುವಂತೆ ಅವರು ಮಾರ್ಪಡಿಸಿಕೊಂಡರು. ಅಲ್ಲಿಯೇ ಕೆಲಸಕ್ಕಿದ್ದ ಜ್ಯಾಕ್ ಡುಗಾನ್, ಇಂಕ್‌ಜೆಟ್ ಎಂದರೆ ಕಲಾವಿದರು ಮೂಗು ಮುರಿಯುತ್ತಾರೆಂದು, ಚಿಮ್ಮುವುದು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಜಿಕ್ಲೇ ಎಂಬ ಹೆಸರನ್ನು ಹೊಸೆದರು. ಇವತ್ತಿಗೂ ಗ್ಯಾಲರಿಗಳ ಚೀಟಿಯಲ್ಲಿ ಆ ಪದ ಕಾಣಿಸುತ್ತದೆ. ನನಗೆ ಅದು ಯಾಕೋ ಒಗ್ಗಿಲ್ಲ. ಹೋಟೆಲಿನ ಚಿತ್ರಾನ್ನಕ್ಕೆ ಬೇರೆ ದೇಶದ ಹೆಸರಿಟ್ಟು ಬೆಲೆ ಏರಿಸಿದ ಹಾಗೆ ಕೇಳಿಸುತ್ತದೆ.

ಆ ಐರಿಸ್ ಚಿತ್ರಗಳ ದೊಡ್ಡ ಕೊರತೆಯೆಂದರೆ ಅವು ಬಾಳುತ್ತಿರಲಿಲ್ಲ. ಇಂಕು ನೀರಿನಲ್ಲಿ ಕರಗಿದ ಬಣ್ಣವಾಗಿತ್ತು; ಬೆಳಕಿಗೆ ಇಟ್ಟರೆ ಕೆಲವೇ ವರ್ಷಗಳಲ್ಲಿ ಮಾಸುತ್ತಿತ್ತು. ಬಟ್ಟೆಗೆ ಹಾಕಿದ ಬಣ್ಣ ಒಗೆದಂತೆಲ್ಲ ಬಿಡುವುದಕ್ಕೂ, ಗುಡಿಯ ಗೋಡೆಗೆ ಬಳಿದ ಕೆಮ್ಮಣ್ಣು ಹಾಗೇ ಉಳಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ಕರಗುವ ಬಣ್ಣದ ಬದಲು ಕರಗದ ವರ್ಣಕಣಗಳನ್ನು ಹನಿಯಲ್ಲಿ ತೇಲಿಸಿ, ಸೂಜಿಯ ಮೊನೆಗಿಂತ ಎಷ್ಟೋ ಸಣ್ಣದಾದ ರಂಧ್ರದಿಂದ ಕಟ್ಟಿಕೊಳ್ಳದಂತೆ ಹೊರಡಿಸುವುದು ಸುಲಭದ ಕೆಲಸವಾಗಿರಲಿಲ್ಲ. 2000ನೇ ಇಸವಿಯ ಹೊತ್ತಿಗೆ ಎಪ್ಸನ್ ಅಂಥ ಇಂಕಿನ ಯಂತ್ರಗಳನ್ನು ಹೊರತಂದಿತು. ಆದರೆ ಮೊದಲ ಇಂಕುಗಳಲ್ಲಿ ಮುದ್ರಿಸಿದ ಬೂದುಬಣ್ಣಕ್ಕೆ ಒಂದು ಚಾಳಿಯಿತ್ತು: ಮನೆಯ ಬಲ್ಬಿನ ಕೆಳಗೆ ಸರಿಯಾಗಿ ಕಂಡದ್ದು ಕಿಟಕಿಯ ಬಳಿ ಒಯ್ದರೆ ಹಸಿರಾಗುತ್ತಿತ್ತು. ಬೂದನ್ನು ಕೆಂಪು, ಹಳದಿ, ನೀಲಿಗಳ ಬೆರಕೆಯಿಂದ ಮಾಡುತ್ತಿದ್ದದ್ದೇ ಅದಕ್ಕೆ ಕಾರಣ. 2002ರ ಯಂತ್ರಗಳಲ್ಲಿ ತಿಳಿಗಪ್ಪು ಎಂಬ ಏಳನೆಯ ಇಂಕು ಸೇರಿತು. 2005ರಲ್ಲಿ ಇನ್ನೂ ತಿಳಿಯಾದ ಇನ್ನೊಂದು ಕಪ್ಪು ಬಂದು, ಒಟ್ಟು ಮೂರು ಕಪ್ಪುಗಳಾದವು. ಕಪ್ಪುಬಿಳುಪು ಚಿತ್ರಗಳನ್ನು ಕತ್ತಲೆಕೋಣೆಯಲ್ಲಿ ತೊಳೆದು ರೂಢಿಯಿದ್ದ ಹಿರಿಯರು ಈ ಯಂತ್ರಗಳ ಕಡೆ ತಿರುಗಿ ನೋಡತೊಡಗಿದ್ದು, ನಾನು ಕಂಡಂತೆ, ಆ ಮೂರನೆಯ ಕಪ್ಪು ಬಂದ ಮೇಲೆಯೇ.

ಹನಿಯ ಅಳತೆಯನ್ನೊಮ್ಮೆ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಹೇಳಿದಾಗಲೆಲ್ಲ ಗಿರಾಕಿಗಳು ನಾನು ಸುಳ್ಳು ಹೇಳುತ್ತಿದ್ದೇನೆಂದು ನೋಡುತ್ತಾರೆ. ನನ್ನ ಯಂತ್ರ ಚಿಮ್ಮುವ ಅತಿ ಸಣ್ಣ ಹನಿ ಮೂರೂವರೆ ಪಿಕೋಲೀಟರ್. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಪಿಕೋಲೀಟರ್. ವಿದ್ಯುತ್ ಹರಿಸಿದಾಗ ತುಸುವೇ ಬಾಗುವ ಹರಳೊಂದು ರಂಧ್ರದ ಹಿಂದೆ ಕುಳಿತು, ಪಿಚಕಾರಿ ಒತ್ತಿದಂತೆ ಹನಿಯನ್ನು ಹೊರಗೆ ತಳ್ಳುತ್ತದೆ. ಕ್ಯಾನನ್ ಮತ್ತು ಎಚ್‌ಪಿ ಕಂಪನಿಗಳ ದಾರಿ ಬೇರೆ: ಅಲ್ಲಿ ಇಂಕನ್ನು ಕ್ಷಣಮಾತ್ರ ಕಾಯಿಸಿ, ಏಳುವ ಗುಳ್ಳೆಯಿಂದ ಹನಿಯನ್ನು ನೂಕಲಾಗುತ್ತದೆ. ಯಾವುದು ಮೇಲು ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಮುಗಿದ ಚಿತ್ರವನ್ನು ಗೋಡೆಗೆ ತೂಗಿದ ಮೇಲೆ ಅದು ಹರಳಿನಿಂದ ಬಂತೋ ಗುಳ್ಳೆಯಿಂದ ಬಂತೋ ಎಂದು ಹೇಳಬಲ್ಲವರನ್ನು ನಾನು ನೋಡಿಲ್ಲ.

ಮೇಷ್ಟ್ರ ಮೆಳೆ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರ ಬೇಕಾದರೆ ಕಪ್ಪಿನ ವಿಷಯಕ್ಕೇ ಹೋಗಬೇಕು. ಪರದೆ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ಹಿಂದಿರುಗಿಸುತ್ತದೆ, ಅಷ್ಟೇ. ಸಾಧಾರಣ ಲ್ಯಾಪ್‌ಟಾಪಿನ ಪರದೆಯಲ್ಲಿ ಅತಿ ಬಿಳಿಯ ಭಾಗವು ಅತಿ ಕಪ್ಪು ಭಾಗಕ್ಕಿಂತ ಹೆಚ್ಚುಕಡಿಮೆ ಸಾವಿರ ಪಟ್ಟು ಪ್ರಕಾಶವಾಗಿರುತ್ತದೆ. ಹೊಳಪಿರುವ ಬರೈಟಾ ಕಾಗದದಲ್ಲಿ ಆ ಅಂತರ ಇನ್ನೂರು ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಹತ್ತಿಯ ಮ್ಯಾಟ್ ಕಾಗದದಲ್ಲಿ ಅದು ನಲವತ್ತು ಪಟ್ಟು ಇದ್ದರೆ ಪುಣ್ಯ, ಏಕೆಂದರೆ ಅದರ ಎಳೆ ಎಳೆಯಾದ ಮೈ ಬೆಳಕನ್ನು ನಾಲ್ಕು ದಿಕ್ಕಿಗೂ ಚೆಲ್ಲುವುದರಿಂದ ನಾವು ಕಪ್ಪೆಂದು ಕರೆಯುವ ಜಾಗವೂ ಸ್ವಲ್ಪ ಬೆಳಕನ್ನು ಕಣ್ಣಿಗೆ ಕಳುಹಿಸುತ್ತಲೇ ಇರುತ್ತದೆ. ಸಾವಿರ ಮೆಟ್ಟಿಲಿನ ಬೆಟ್ಟವನ್ನು ನಲವತ್ತು ಮೆಟ್ಟಿಲಿನ ಅಟ್ಟಕ್ಕೆ ಇಳಿಸಬೇಕಾದರೆ ಯಾವ ಮೆಟ್ಟಿಲನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಯಾರಾದರೂ ತೀರ್ಮಾನಿಸಲೇಬೇಕು. ನಾನು ತೀರ್ಮಾನಿಸದಿದ್ದಾಗ ಯಂತ್ರ ತೀರ್ಮಾನಿಸಿತು: ಬಿದಿರಿನ ನೆರಳುಗಳೆಲ್ಲವನ್ನೂ ಒಂದೇ ಕಪ್ಪಿಗೆ ಹಾಕಿತು. ಇದರ ಜೊತೆಗೆ ಮೇಷ್ಟ್ರ ಲ್ಯಾಪ್‌ಟಾಪಿನ ಬೆಳಕು ಕೊನೆಯ ಮಟ್ಟಕ್ಕೆ ಏರಿತ್ತು. ಅಷ್ಟು ಬೆಳಕಿನಲ್ಲಿ ನೋಡಿ ತಿದ್ದಿದವರು ಚಿತ್ರವನ್ನು ಸಹಜವಾಗಿಯೇ ಗಾಢ ಮಾಡಿಬಿಡುತ್ತಾರೆ. ಮುದ್ರಣ ಕಪ್ಪಾಯಿತು ಎಂದು ನನಗೆ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಕಾರಣ ಪರದೆಯ ಬೆಳಕೇ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಫೈಲನ್ನು ತೆರೆದು, ಅಳತೆ ಹಾಕಿ, ಗುಂಡಿ ಒತ್ತಿದ್ದೆ.

ಮುದ್ರಿಸುವ ಮುನ್ನವೇ ಇದನ್ನು ಪರದೆಯ ಮೇಲೆ ಊಹಿಸಿ ನೋಡುವ ಉಪಾಯವಿದೆ. ಒಂದೊಂದು ಕಾಗದಕ್ಕೂ ಒಂದೊಂದು ಪ್ರೊಫೈಲ್ ಇರುತ್ತದೆ. ನಾನು ಅದನ್ನು ನಿಘಂಟು ಎಂದು ಹೇಳಿ ತಿಳಿಸುತ್ತೇನೆ. ಸಾವಿರಕ್ಕೂ ಹೆಚ್ಚು ಬಣ್ಣದ ಚೌಕಗಳನ್ನು ಆ ಕಾಗದದ ಮೇಲೆ ಮುದ್ರಿಸಿ, ಒಂದು ದಿನ ಒಣಗಲು ಬಿಟ್ಟು, ಒಂದೊಂದನ್ನೂ ಮಾಪಕದಿಂದ ಓದಿದರೆ, ಈ ಕಾಗದದ ಭಾಷೆಯಲ್ಲಿ ಇಂಥ ಕೆಂಪಿಗೆ ಇಷ್ಟು ಇಂಕು ಎಂಬ ಪಟ್ಟಿ ಸಿದ್ಧವಾಗುತ್ತದೆ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದೇ ನಿಘಂಟಿನ ಕ್ರಮವನ್ನು ಒಪ್ಪಲೆಂದು 1993ರಲ್ಲಿ ಅಂತಾರಾಷ್ಟ್ರೀಯ ವರ್ಣ ಒಕ್ಕೂಟವೊಂದು ಹುಟ್ಟಿಕೊಂಡಿತು. ಇವತ್ತು ನಾವು ಬಳಸುವುದು ಅವರು ಹಾಕಿದ ಕ್ರಮವನ್ನೇ. ಆದರೆ ಯಾವ ನಿಘಂಟಿನಲ್ಲಿಯೂ ಎಲ್ಲ ಪದಗಳಿಗೆ ಅರ್ಥ ಸಿಗುವುದಿಲ್ಲ. ದಸರೆಯ ಹೊತ್ತಿನಲ್ಲಿ ನಮ್ಮ ರಸ್ತೆಗಳ ಮೇಲೆ ಕಟ್ಟುವ ಎಲ್‌ಇಡಿ ದೀಪಗಳ ಕಡುನೀಲಿ ಅಂಥದ್ದು. ಫೋನಿನಲ್ಲಿ ಅದು ಕಣ್ಣು ಕುಕ್ಕುತ್ತದೆ, ಕಾಗದದ ಮೇಲೆ ಅದು ಯಾವ ಇಂಕಿನಿಂದಲೂ ಹುಟ್ಟುವುದಿಲ್ಲ. ಆಗ ಎರಡು ದಾರಿಗಳಿವೆ. ಹುಟ್ಟದ ಬಣ್ಣವನ್ನು ಮಾತ್ರ ಅದಕ್ಕೆ ಹತ್ತಿರದ, ಹುಟ್ಟಬಲ್ಲ ಬಣ್ಣಕ್ಕೆ ತರುವುದು ಒಂದು. ಆ ಬಣ್ಣಕ್ಕೆ ಜಾಗವಾಗಲೆಂದು ಉಳಿದ ಬಣ್ಣಗಳನ್ನೂ ಒತ್ತೊತ್ತಾಗಿ ಸರಿಸುವುದು ಇನ್ನೊಂದು. ತುಂಬಿದ ಬಸ್ಸಿನಲ್ಲಿ ಕೊನೆಗೆ ಹತ್ತಿದವನನ್ನು ಫುಟ್‌ಬೋರ್ಡಿನಲ್ಲೇ ನಿಲ್ಲಿಸುವುದೋ, ಎಲ್ಲರನ್ನೂ ಸ್ವಲ್ಪ ಸರಿಯಿರಿ ಎನ್ನುವುದೋ ಎಂಬಂಥ ಆಯ್ಕೆ ಇದು. ಅರಮನೆಯ ಹಳದಿ ಬಲ್ಬುಗಳ ಚಿತ್ರಕ್ಕೆ ಮೊದಲನೆಯದು ಸಾಕು. ನೀಲಿ ದೀಪಗಳೇ ತುಂಬಿದ ರಸ್ತೆಯ ಚಿತ್ರಕ್ಕೆ ಎರಡನೆಯದು ಬೇಕಾಗುತ್ತದೆ, ಆದರೂ ಗಿರಾಕಿ ಒಪ್ಪುತ್ತಾರೆಂಬ ಭರವಸೆಯಿಲ್ಲ.

ಅಳತೆಯ ಬಗ್ಗೆ ಇರುವ ಭಯ ಮಾತ್ರ ಅನಗತ್ಯವಾದದ್ದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 6000 ಬಿಂದುಗಳಿರುತ್ತವೆ; ಇಂಚಿಗೆ 300ರಂತೆ ಹಂಚಿದರೆ 20 ಇಂಚು, 40 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 150. ಒಳ್ಳೆಯ ಕಣ್ಣು ಒಂದು ಅಡಿ ದೂರದಿಂದ ಇಂಚಿಗೆ ಸುಮಾರು 300 ಬಿಂದುಗಳನ್ನು ಬಿಡಿಬಿಡಿಯಾಗಿ ಕಾಣಬಲ್ಲದು, ಒಂದು ಮೀಟರ್ ದೂರದಿಂದ 90ರಷ್ಟನ್ನೂ ಕಾಣಲಾರದು. 40 ಇಂಚಿನ ಚಿತ್ರವನ್ನು ಯಾರೂ ಒಂದಡಿ ದೂರದಿಂದ ನೋಡುವುದಿಲ್ಲ, ಛಾಯಾಚಿತ್ರಕಾರರನ್ನು ಬಿಟ್ಟು. ಅವರು ಮಾತ್ರ ಮೂಗು ತಾಗಿಸಿಯೇ ನೋಡುತ್ತಾರೆ. ದೊಡ್ಡ ಅಳತೆ ಹೊರಗೆಡಹುವುದು ಬಿಂದುಗಳನ್ನಲ್ಲ, ಕೈ ನಡುಗಿದ್ದನ್ನು, ಫೋಕಸ್ ಪ್ರಾಣಿಯ ಕಣ್ಣಿನ ಮೇಲೆ ಬೀಳದೆ ಕಿವಿಯ ಮೇಲೆ ಬಿದ್ದದ್ದನ್ನು, ಅತಿಯಾಗಿ ಚೂಪು ಮಾಡಿದ್ದರಿಂದ ರೆಕ್ಕೆಯ ಅಂಚಿಗೆ ಕಟ್ಟಿದ ಬಿಳಿ ಗೆರೆಯನ್ನು. ಅಂಗೈಯಗಲದ ಪರದೆಯಲ್ಲಿ ನೂರಾರು ಮೆಚ್ಚುಗೆ ಪಡೆದ ಎಷ್ಟೋ ಹಕ್ಕಿಗಳು ನನ್ನ ಮೇಜಿನ ಮೇಲೆ ಬಂದು ಸಪ್ಪಗಾಗಿವೆ.

ಯಂತ್ರದ ಜೊತೆಗಿನ ಸಂಸಾರದ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಬರಹ ಅಪೂರ್ಣ. ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆದು, ಕಸ ಗುಡಿಸಿ, ದೀಪ ಹಚ್ಚಿದ ಮೇಲೆ ನನ್ನ ಮೊದಲ ಕೆಲಸ ನಾಝಲ್ ಚೆಕ್. ಎಲ್ಲ ರಂಧ್ರಗಳೂ ತೆರೆದಿವೆಯೋ ಎಂದು ತಿಳಿಯಲು ಯಂತ್ರ ಒಂದು ಹಾಳೆಯ ಚೂರಿನ ಮೇಲೆ ಬಣ್ಣಬಣ್ಣದ ಸಣ್ಣ ಗೆರೆಗಳ ಏಣಿಯೊಂದನ್ನು ಬಿಡಿಸುತ್ತದೆ. ಎಲ್ಲಾದರೂ ಒಂದು ಗೆರೆ ತಪ್ಪಿದ್ದರೆ ಅಲ್ಲೊಂದು ರಂಧ್ರ ಕಟ್ಟಿದೆಯೆಂದು ಅರ್ಥ. ಬೇಸಿಗೆ ಕಾಲಿಟ್ಟ ಮೇಲೆ ಮೈಸೂರಿನ ಗಾಳಿ ಒಣಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೋಣೆಯ ತೇವಾಂಶ ಶೇಕಡಾ 30ಕ್ಕಿಂತ ಕೆಳಗಿಳಿದರೆ ರಂಧ್ರದ ಬಾಯಲ್ಲಿಯೇ ಇಂಕು ಒಣಗತೊಡಗುತ್ತದೆ. ಈ ಯಂತ್ರಗಳಿಗೆ ಹಿತವಾದದ್ದು 40ರಿಂದ 60. ಹಾಗಾಗಿ ಬೇಸಿಗೆಯಲ್ಲಿ ಯಂತ್ರದ ಪಕ್ಕ ಎರಡು ಬಕೆಟ್ ನೀರು, ಕಿಟಕಿಗೆ ಒದ್ದೆ ಗೋಣಿತಾಟು. ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ: ಹತ್ತಿಯ ಕಾಗದ ತೇವ ಕುಡಿದು ಹಪ್ಪಳದಂತೆ ಅಂಚಿನಲ್ಲಿ ಅಲೆಯಾಗಿ ಏಳುತ್ತದೆ, ಮೇಲೆ ಓಡಾಡುತ್ತ ಇಂಕು ಚಿಮ್ಮುವ ಹೆಡ್ಡು ಆ ಅಲೆಗೆ ತಾಗಿ ಚಿತ್ರದ ಮೇಲೆ ಮಸಿಯ ಗೀರು ಎಳೆಯುತ್ತದೆ. ರೋಲಿನ ಕೊನೆಯ ಕೆಲವು ಅಡಿಗಳಲ್ಲಂತೂ ಕಾಗದ ಸುರುಳಿಯ ನೆನಪನ್ನು ಬಿಡುವುದೇ ಇಲ್ಲ. ಕೆಲವು ವರ್ಷಗಳ ಹಿಂದೆ ಏಪ್ರಿಲಿನಲ್ಲಿ ಮನೆಯ ಮದುವೆಯೊಂದಕ್ಕೆಂದು ಮೂರು ವಾರ ಬಾಗಿಲು ಹಾಕಿ, ಯಂತ್ರದ ಸ್ವಿಚ್ಚನ್ನೂ ಆರಿಸಿ ಹೋಗಿದ್ದೆ. ಬಂದು ನೋಡಿದರೆ ಮೆಜೆಂಟಾ ಬಣ್ಣದ ಏಣಿಯಲ್ಲಿ ಅರ್ಧದಷ್ಟು ಮೆಟ್ಟಿಲುಗಳೇ ಇರಲಿಲ್ಲ. ತೊಳೆಯುವ ಪ್ರತಿ ಸುತ್ತಿಗೂ ದುಬಾರಿ ಇಂಕು ತ್ಯಾಜ್ಯದ ಡಬ್ಬಿಗೆ ಹರಿಯುತ್ತದೆ. ನಾಲ್ಕು ದಿನ ಹಾಗೆ ಹರಿಸಿದ ಇಂಕಿನ ಬೆಲೆಯನ್ನು ನಾನು ಮನೆಯಲ್ಲಿ ಇವತ್ತಿನವರೆಗೂ ಹೇಳಿಲ್ಲ. ಈಗ ಎಲ್ಲಿಗೇ ಹೋಗಲಿ, ದಿನಕ್ಕೊಂದು ಸಣ್ಣ ಚಿತ್ರ ಮುದ್ರಿಸುವಂತೆ ಪಕ್ಕದ ಮನೆಯ ಹುಡುಗನಿಗೆ ಹೇಳಿ ಹೋಗುತ್ತೇನೆ. ಹಸುವನ್ನು ಕರೆಯದೆ ಬಿಡಲಾಗದು, ಇದೂ ಹಾಗೆಯೇ.

ಛಾಯಾಚಿತ್ರಕ್ಕಿಂತ ಚಿತ್ರಕಲೆಯ ಪ್ರತಿ ತೆಗೆಯುವುದು ಹೆಚ್ಚು ಕಷ್ಟ, ಮತ್ತು ಹೆಚ್ಚು ಮುಜುಗರದ್ದು. ಛಾಯಾಚಿತ್ರಕ್ಕೆ ಮೂಲವೆಂದು ಬೇರೊಂದು ವಸ್ತು ಇರುವುದಿಲ್ಲ, ನಾನು ಮುದ್ರಿಸಿದ್ದೇ ಅದರ ಮೊದಲ ದೇಹ. ವರ್ಣಚಿತ್ರವಾದರೆ ಕಲಾವಿದರು ಮೂಲವನ್ನು ಕಂಕುಳಲ್ಲಿಟ್ಟುಕೊಂಡು ಬಂದು ಪ್ರತಿಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಜಲವರ್ಣ ಬಹುಮಟ್ಟಿಗೆ ಮಣಿಯುತ್ತದೆ, ಏಕೆಂದರೆ ಅದೂ ಕಾಗದ, ಇದೂ ಕಾಗದ, ಎರಡರಲ್ಲಿಯೂ ಬಿಳಿಯೆಂದರೆ ಖಾಲಿ ಬಿಟ್ಟ ಜಾಗವೇ. ಮಣಿಯದೇ ಇರುವುದು ನಮ್ಮ ಮೈಸೂರು ಶೈಲಿಯ ಚಿತ್ರ. ಅದರಲ್ಲಿ ಕಿರೀಟ, ಒಡವೆ, ಮಂಟಪದ ಕಂಬಗಳನ್ನು ಗೆಸ್ಸೋ ಎಂಬ ಲೇಪ ಹಚ್ಚಿ ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ಚಿನ್ನ ಎಂಬುದು ಒಂದು ಬಣ್ಣವಲ್ಲ, ಅದೊಂದು ನಡವಳಿಕೆ. ನೋಡುವವರು ಹೆಜ್ಜೆ ಸರಿಸಿದಂತೆ ಅದು ಹೊಳೆಯುತ್ತದೆ, ಕಪ್ಪಾಗುತ್ತದೆ, ಮತ್ತೆ ಹೊಳೆಯುತ್ತದೆ. ಹನ್ನೆರಡು ಇಂಕುಗಳಿದ್ದರೂ ಯಂತ್ರಕ್ಕೆ ಅದು ಸಿಗುವುದು ಅರಿಸಿನದ ಪುಡಿಗೆ ಕಾಫಿ ಬೆರೆಸಿದಂಥ ಬಣ್ಣವಾಗಿ ಮಾತ್ರ. ಪ್ರತಿ ತೆಗೆಯಲು ಮೊದಲು ಮೂಲವನ್ನು ಕ್ಯಾಮೆರಾದಲ್ಲಿ ಹಿಡಿಯಬೇಕಲ್ಲ, ಆಗ ವಾರ್ನಿಷ್ಷಿನ ಪ್ರತಿಫಲನ ಬಾರದಿರಲೆಂದು ದೀಪಗಳಿಗೂ ಲೆನ್ಸಿಗೂ ಅಡ್ಡಡ್ಡವಾಗಿ ಪೋಲರೈಸರ್ ಎಂಬ ಫಿಲ್ಟರ್ ಹಾಕಿದರೆ ಬಣ್ಣಗಳೆಲ್ಲ ಶುದ್ಧವಾಗಿ ಬರುತ್ತವೆ, ಚಿನ್ನ ಮಾತ್ರ ಸತ್ತೇ ಹೋಗುತ್ತದೆ. ಪೋಲರೈಸರ್ ತೆಗೆದರೆ ಚಿನ್ನ ಬದುಕುತ್ತದೆ, ಕೃಷ್ಣನ ನೀಲಿ ಮೈ ಮಂಕಾಗುತ್ತದೆ. ನಾನು ಎರಡನ್ನೂ ತೆಗೆದು, ಬಣ್ಣಕ್ಕೆ ಒಂದನ್ನೂ ಚಿನ್ನಕ್ಕೆ ಇನ್ನೊಂದನ್ನೂ ಬೆಸೆಯುತ್ತೇನೆ. ಇಷ್ಟೆಲ್ಲ ಮಾಡಿಯೂ ಅದು ಒಂದೇ ಕೋನದಿಂದ, ಒಂದೇ ಕ್ಷಣದಲ್ಲಿ ಕಂಡ ಚಿನ್ನದ ಚಿತ್ರ. ಮುದ್ರಿಸಿದ ಮೇಲೆ ಕೈಯಿಂದ ರೇಕು ಅಂಟಿಸಿಕೊಡಿ ಎಂದು ಕೇಳುವವರಿದ್ದಾರೆ. ಕಲಾವಿದರೇ ಅಂಟಿಸಿ, ಹಾಗೆಂದು ಹಿಂಬದಿಯಲ್ಲಿ ಬರೆಯುವುದಾದರೆ ನನ್ನ ಅಭ್ಯಂತರವಿಲ್ಲ. ಬರೆಯದೆ ಮೂಲವೆಂದು ಮಾರಲು ಹೊರಟರೆ ಆ ಕೆಲಸ ನನ್ನಲ್ಲಿ ಆಗುವುದಿಲ್ಲ.

ಪ್ರತಿಯೆಂದರೆ ಕೀಳೆಂಬ ಭಾವನೆಯೂ ನನಗಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದು, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿನಂತೆ ಅಚ್ಚೊತ್ತಿ ಹಂಚಿದ ಲಕ್ಷ್ಮಿ, ಸರಸ್ವತಿಯರು ನಮ್ಮ ಎಷ್ಟು ಮನೆಗಳ ದೇವರ ಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡಿದ್ದಾರೆ! ನನ್ನ ಅಜ್ಜಿ ಪೂಜಿಸುತ್ತಿದ್ದ ಸರಸ್ವತಿಯ ಮೊಣಕಾಲಿನ ಬಳಿ ಕೆಂಪು ಬಣ್ಣದ ಕಲ್ಲು ಕೂದಲೆಳೆಯಷ್ಟು ಜರುಗಿ, ಸೀರೆಯ ಅಂಚು ಎರಡೆರಡಾಗಿ ಕಾಣುತ್ತಿತ್ತು. ಅಜ್ಜಿಗೆ ಅದು ನಕಲಾಗಿರಲಿಲ್ಲ, ದೇವರಾಗಿತ್ತು. ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮರ ತೈಲಚಿತ್ರಗಳ ಮುಂದೆ ನಿಂತಾಗಲೂ ನನ್ನ ಕಣ್ಣು ಆ ಜರುಗಿದ ಅಂಚನ್ನೇ ಹುಡುಕುತ್ತದೆ.

ಎಷ್ಟು ವರ್ಷ ಬಾಳುತ್ತದೆ ಎಂಬುದು ಗಿರಾಕಿಗಳ ಎರಡನೆಯ ಪ್ರಶ್ನೆ. ಕಂಪನಿಗಳ ಹಾಳೆಯಲ್ಲಿ ನೂರು, ಇನ್ನೂರು ಎಂಬ ಅಂಕಿಗಳಿರುತ್ತವೆ. ಇವೆಲ್ಲ ಪ್ರಬಲ ಬೆಳಕಿನಲ್ಲಿ ಚಿತ್ರವನ್ನು ಕೆಲವು ತಿಂಗಳು ಬಾಡಿಸಿ, ಅದರಿಂದ ಲೆಕ್ಕ ಹಾಕಿದ ಅಂಕಿಗಳು. ಈ ಪರೀಕ್ಷೆಗಳಿಗೆ ಹೆಸರಾದ ಹೆನ್ರಿ ವಿಲ್ಹೆಲ್ಮ್ ಅವರ ಪ್ರಯೋಗಾಲಯ, ಗೋಡೆಯ ಮೇಲಿನ ಚಿತ್ರಕ್ಕೆ ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕು ಬೀಳುತ್ತದೆಂದು ಇಟ್ಟುಕೊಂಡು ವರ್ಷಗಳನ್ನು ಲೆಕ್ಕ ಹಾಕುತ್ತದೆ. ನಮ್ಮ ತೊಟ್ಟಿಮನೆಯ ಜಗಲಿಯಲ್ಲಿ ಬಿಸಿಲು ನೇರವಾಗಿ ಬೀಳುವ ಗೋಡೆಗೆ ಈ ಲೆಕ್ಕ ನಿಲ್ಲುವುದಿಲ್ಲ. ಕರಾವಳಿಯ ಮನೆಯಲ್ಲಿ ಬೆಳಕಿಗಿಂತ ಮೊದಲು ಬೂಷ್ಟು ಚಿತ್ರವನ್ನು ತಿನ್ನುತ್ತದೆ. ಕಾಗದವೂ ಮುಖ್ಯ. ಕೆಲವು ಕಾಗದಗಳನ್ನು ಬೆಳ್ಳಗೆ ಕಾಣಿಸಲು ಬಟ್ಟೆಗೆ ನೀಲಿ ಹಾಕುವಂತೆ ಹೊಳಪುಕಾರಕ ಸೇರಿಸಿರುತ್ತಾರೆ, ಕಾಲಕ್ರಮದಲ್ಲಿ ಅದು ಶಕ್ತಿ ಕಳೆದುಕೊಂಡು ಬಿಳಿ ಹಳದಿಗೆ ತಿರುಗುತ್ತದೆ. ಅದಿಲ್ಲದ ಕಾಗದ ಮೊದಲಿನಿಂದಲೇ ಕೆನೆಬಣ್ಣ, ಕೊನೆಯವರೆಗೂ ಅದೇ. 1584ರಿಂದ ಕಾಗದ ಮಾಡುತ್ತಿರುವ ಜರ್ಮನಿಯ ಹಾನೆಮ್ಯೂಲೆಯವರ ಹತ್ತಿಯ ಹಾಳೆಯನ್ನು ಮೊದಲ ಬಾರಿ ಕೈಯಲ್ಲಿ ಹಿಡಿದಾಗ ಒಣಗಿಸಿದ ಪಂಚೆಯನ್ನು ಮುಟ್ಟಿದಂತಾಗಿತ್ತು. ನಮ್ಮ ದೇಶದ ಕೈಕಾಗದದ ಮೇಲೆಯೂ ಪ್ರಯತ್ನಿಸಿದ್ದೇನೆ. ಇಂಕನ್ನು ಮೇಲ್ಮೈಯಲ್ಲಿಯೇ ಹಿಡಿದು ನಿಲ್ಲಿಸುವ ಲೇಪನ ಅದಕ್ಕಿಲ್ಲದ್ದರಿಂದ ಬಣ್ಣ ಒಳಗಿಳಿದು, ಚಿತ್ರ ಮಂಜಿನಾಚೆಗೆ ಹೋಯಿತು. ನೂರು ವರ್ಷದ ಮಾತನ್ನು ನಾನು ಯಾರಿಗೂ ಕೊಡುವುದಿಲ್ಲ. ಗಾಜು ಹಾಕಿಸಿ, ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂತರ ಬಿಡಿಸಿ, ಬಿಸಿಲು ತಾಗದ ಗೋಡೆಗೆ ತೂಗಿ ಎಂದಷ್ಟೇ ಹೇಳುತ್ತೇನೆ. ನಮ್ಮ ಕಟ್ಟು ಹಾಕುವವರಲ್ಲಿ ಆ ಅಂತರ ಬಿಡಿಸುವುದಕ್ಕೇ ಅರ್ಧ ಗಂಟೆ ವಾದ ಮಾಡಬೇಕು.

ಮೇಷ್ಟ್ರ ಆನೆಗೆ ಮರಳುತ್ತೇನೆ. ಅವರು ಹೋದ ಮರುದಿನ ಫೈಲನ್ನು ಮತ್ತೆ ತೆರೆದು, ಮೆಳೆಯ ಭಾಗವನ್ನು ಮಾತ್ರ ಹಂತ ಹಂತವಾಗಿ ಮೇಲೆತ್ತಿ, ಆನೆಯ ಬೆನ್ನಿನಿಂದ ಬಿದಿರಿನವರೆಗಿನ ನಾಲ್ಕು ಇಂಚಿನ ಅಡ್ಡಪಟ್ಟಿಯನ್ನು ಆರು ಬಾರಿ ಮುದ್ರಿಸಿದೆ: ನಾಲ್ಕು ಮ್ಯಾಟ್ ಕಾಗದದ ಮೇಲೆ, ಎರಡು ಬರೈಟಾದ ಮೇಲೆ. ನನ್ನ ಹಳೆಯ ಯಂತ್ರದಲ್ಲಿ ಹೀಗೆ ಕಾಗದ ಬದಲಿಸುವುದೇ ಒಂದು ನಷ್ಟವಾಗಿತ್ತು. ಹೊಳಪಿನ ಕಾಗದಕ್ಕೊಂದು ಕಪ್ಪು, ಮ್ಯಾಟ್ ಕಾಗದಕ್ಕೊಂದು ಕಪ್ಪು, ಎರಡಕ್ಕೂ ಸೇರಿ ಒಂದೇ ನಾಳ. ಬದಲಿಸಿದಾಗಲೆಲ್ಲ ನಾಳದಲ್ಲಿದ್ದ ಇಂಕನ್ನು ಚೆಲ್ಲಬೇಕಿತ್ತು. ಈಗಿನದಕ್ಕೆ ಆ ತೊಂದರೆಯಿಲ್ಲ. ಪಟ್ಟಿಗಳನ್ನು ಒಂದು ರಾತ್ರಿ ಒಣಗಿಸಿ, ಮೇಷ್ಟ್ರ ಮನೆಗೇ ಒಯ್ದು, ಚಿತ್ರ ತೂಗುವ ಗೋಡೆಯ ಮೇಲೆ ಅಂಟಿಸಿ, ಅವರ ಹಜಾರದ ದೀಪ ಹಾಕಿದೆ. ನನ್ನ ಕೋಣೆಯ ದೀಪ ಹಗಲಿನ ಬೆಳಕಿನಂತೆ ಬೆಳ್ಳಗಿದೆ, ಅವರದು ಹಳದಿ. ಅಲ್ಲಿ ಸರಿಯಿದ್ದದ್ದು ಇಲ್ಲಿ ಸರಿಯಿರಬೇಕೆಂದಿಲ್ಲ.

ನನ್ನ ಮನಸ್ಸು ಐದನೆಯ ಪಟ್ಟಿಯ ಮೇಲಿತ್ತು. ಬರೈಟಾ ಕಾಗದದ ಮೇಲೆ ಬಿದಿರಿನ ಒಂದೊಂದು ಗಿಣ್ಣೂ ಎಣಿಸುವಂತಿತ್ತು, ಆನೆಯ ಕಿವಿಯ ಹಿಂದಿನ ಸುಕ್ಕುಗಳೂ ಎದ್ದು ಬಂದಿದ್ದವು. ಮೇಷ್ಟ್ರು ಅದರ ಮುಂದೆ ಬಹಳ ಹೊತ್ತು ನಿಂತು, ಹಿಂದಕ್ಕೆ ಸರಿದು, ಪತ್ನಿಯನ್ನೂ ಕರೆದು ತೋರಿಸಿ, ಕೊನೆಗೆ ಮ್ಯಾಟ್ ಕಾಗದದ ಮೂರನೆಯ ಪಟ್ಟಿಯ ಮೇಲೆ ಬೆರಳಿಟ್ಟರು. ಅದರಲ್ಲಿ ಮೆಳೆ ಇದೆಯೆಂದು ತಿಳಿಯುತ್ತಿತ್ತು, ಅಷ್ಟೇ. "ಐದನೇದರಲ್ಲಿ ಎಲ್ಲಾ ಕಾಣಿಸುತ್ತೆ, ಸರಿ. ಆದರೆ ಅವತ್ತು ನನಗೆ ಅಷ್ಟೆಲ್ಲ ಕಾಣಿಸಿರಲಿಲ್ಲ. ಮೊದಲು ಸದ್ದು ಕೇಳಿಸಿತು, ಆಮೇಲೆ ಆನೆ ಕಾಣಿಸಿದ್ದು" ಎಂದರು.

ಮೂರನೆಯ ಪಟ್ಟಿಯ ಹಾಗೆಯೇ ಪೂರ್ತಿ ಚಿತ್ರವನ್ನು ಮುದ್ರಿಸಿಕೊಟ್ಟೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಕಾಗದದ ಹೆಸರು, ದಿನಾಂಕ, ಮುದ್ರಣದ ಸಂಖ್ಯೆ ಬರೆಯುವುದು ನನ್ನ ರೂಢಿ. ಈ ಸಲ ಕೆಳಗೆ ನನ್ನ ಹೆಸರನ್ನೂ ಬರೆದೆ. ಉಳಿದ ಐದು ಪಟ್ಟಿಗಳು ನನ್ನ ಕೋಣೆಯಲ್ಲಿ ಯಂತ್ರದ ಎದುರಿನ ಗೋಡೆಯ ಮೇಲಿವೆ. ಈ ಮಳೆಗೆ ಮ್ಯಾಟ್ ಪಟ್ಟಿಗಳ ಅಂಚು ಆಗಲೇ ಒಳಕ್ಕೆ ಮಡಿಚಿಕೊಂಡಿದೆ, ಬರೈಟಾದವು ಹಾಗೇ ನೆಟ್ಟಗಿವೆ.